ಡಬ್ಬಿಯಣ್ಣನ ಪಕ್ಕದ ಜಾಗ

ಬಿಳಿ ಅಂಗಿ ಹುಡುಕಲೆಂದು ಅಣ್ಣನ ಬೀರುವಿನ ಕೆಳಗಿನ ಖಾನೆ ಎಳೆದ ತಂಗಿ ಹಾಗೇ ನೆಲಕ್ಕೆ ಕೂತುಬಿಟ್ಟಳು. ಅಂಗಿ ಇರಲಿಲ್ಲ, ನೋಟ್‌ಬುಕ್ಕುಗಳಿದ್ದವು, ಮೂವತ್ತಕ್ಕೆ ಕಡಿಮೆಯಿಲ್ಲ. ಪಕ್ಕದ ಕೋಣೆಯಲ್ಲಿ ಅಣ್ಣನ ದೇಹ. ಹತ್ತೂವರೆಗೆ ಪೆಟ್ಟಿಗೆ ಬರುತ್ತದೆ, ಹನ್ನೊಂದಕ್ಕೆ ಪ್ರಾರ್ಥನಾಲಯಕ್ಕೆ ಒಯ್ಯಬೇಕು. ಆದರೂ ಮನಸ್ಸು ತಡೆಯದೆ ಒಂದನ್ನು ಬಿಡಿಸಿದಳು.

ಅಣ್ಣನ ಕೈಬರಹವಲ್ಲ. ಮೂವತ್ತೆರಡು ವರ್ಷ ಮಕ್ಕಳ ಕಾಪಿ ತಿದ್ದಿ ನಿವೃತ್ತಳಾದ ಟೀಚರು ಅವಳು. ಅಕ್ಷರ ನೋಡಿ ಆಸಾಮಿಯನ್ನು ಹೇಳಬಲ್ಲಳು. ಒಂದು ಪುಟದಲ್ಲಿ ಎಡಕ್ಕೆ ವಾಲಿದ ಅವಸರದ ಬರಹ, ಮುಂದಿನದರಲ್ಲಿ ದುಂಡು ಬರಹ, ಇನ್ನೊಂದರಲ್ಲಿ ಒತ್ತಕ್ಷರಗಳನ್ನೇ ನುಂಗಿಹಾಕಿದ ಯಾರೋ ಪುಣ್ಯಾತ್ಮ. ಕೆಂಪು ಪೆನ್ನಿಗಾಗಿ ಬೆರಳು ತುರಿಸಿತು.

'ಇವತ್ತು ಕ್ಷಮೆಯ ವಿಷಯ. ಯಾರ ಜೊತೆಯಾದರೂ ಮಾತು ಬಿಟ್ಟವರು ಕೈ ಎತ್ತಿ ಅಂದರು. ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.'

'ಪಾಸ್ಟರ್‌ಗೆ ಕೆಮ್ಮು. ಈಗ ಅದೇ ಮಾತನ್ನು ಮೂರನೇ ಸಲ ಹೇಳುತ್ತಿದ್ದಾರೆ. ನಾನು ಒಂದೇ ಸಲ ಬರೆಯುತ್ತೇನೆ.'

"ಅಕ್ಕಾ, ಅಂಗಿ ನನ್ನ ಹತ್ರ ಇದೆ," ಎಂದಿತು ಬಾಗಿಲಲ್ಲಿ ಒಂದು ದನಿ. ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದ ಹೆಂಗಸು. ಮೂಲೆಯಂಗಡಿಯ ಟೈಲರಮ್ಮ. "ಕಾಲರ್ ತಿರುಗಿಸಿ ಹೊಲಿ ಅಂತ ಹೋದ ವಾರ ಕೊಟ್ಟಿದ್ರು."

"ಇದೆಲ್ಲ ಏನಮ್ಮಾ? ಯಾರ್ಯಾರು ಬರೆದಿದ್ದು?"

ಟೈಲರಮ್ಮ ಅಂಗಿಯನ್ನು ಮಂಚದ ಮೇಲಿಟ್ಟು ಅವಳ ಪಕ್ಕದಲ್ಲೇ ಕೂತಳು. "ನಾವೆಲ್ಲ. ಡಬ್ಬಿಯಣ್ಣಂಗೆ."

*

ಅಣ್ಣ ಇಪ್ಪತ್ತೆಂಟು ವರ್ಷ ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ದುಡಿದವನು. ದಿನಕ್ಕೆ ಎಂಟು ಗಂಟೆ ಪ್ರೆಸ್ ಯಂತ್ರದ ಧಡಧಡ. ಮೊದಲು ಬಲಗಿವಿ ಹೋಯಿತು, ಆಮೇಲೆ ಎಡಗಿವಿ. ತಂಗಿ ಫೋನ್ ಮಾಡಿದರೆ ಆ ಕಡೆಯಿಂದ "ಹಾಂ? ಹಾಂ?" ಬಿಟ್ಟರೆ ಬೇರೆ ಮಾತಿಲ್ಲ. ಕೂಗಿ ಕೂಗಿ ಅವಳಿಗೂ ಸಾಕಾಯಿತು. ವರ್ಷಕ್ಕೆರಡು ಕಾಗದಕ್ಕೆ ಬಂದು ನಿಂತಿತು ಅವರ ಬಾಂಧವ್ಯ. ಹೆಂಡತಿ ಮಕ್ಕಳಿಲ್ಲದವನು, ಕಿವಿಯೂ ಇಲ್ಲದವನು, ಗೋಡೆ ನೋಡುತ್ತಾ ಕಾಲ ಕಳೆದಿರುತ್ತಾನೆ ಎಂದೇ ಅವಳು ತಿಳಿದಿದ್ದಳು.

ಕಿವಿ ಪೂರ್ತಿ ಹೋದ ಮೇಲೆ ಮೊದಲ ಏಳು ತಿಂಗಳು ಹಾಗೇ ಕಳೆದಿದ್ದನಂತೆ. ಪ್ರಾರ್ಥನಾಲಯದ ಕಡೆ ತಲೆ ಹಾಕಿರಲಿಲ್ಲ. ಒಂದು ದಿನ ಟೈಲರಮ್ಮ ಹೋಗಿ ಬಾಗಿಲು ಬಡಿದಳು. ಬಡಿದದ್ದು ಕೇಳೀತಾದರೂ ಹೇಗೆ? ಕಿಟಕಿಗೆ ಬಂದು ಕೈ ಬೀಸಿದಳು.

"ಕಿವುಡನಿಗೆ ಸಭೆಯಲ್ಲಿ ಏನಮ್ಮಾ ಕೆಲಸ?" ಅಂದ. "ಮನೇಲೇ ಬೈಬಲ್ ಓದ್ಕೋತೀನಿ. ದೇವರಿಗೆ ನನ್ನ ಕಿವಿ ಬೇಕಾಗಿಲ್ಲ."

ಅವಳು ಚೀಲದಿಂದ ಬಟ್ಟೆ ಕತ್ತರಿಸುವ ಅಳತೆಯ ಕಾಗದ ತೆಗೆದು ಬರೆದಳು: ದೇವರಿಗೆ ಬೇಡದಿರಬಹುದು. ನೀವು ನಮಗೆ ಬೇಕು.

ಓದಿ, "ನಮಗೆ ಅಂದ್ರೆ ಯಾರಿಗೆ?" ಎಂದು ಕೇಳಿದ.

ಗಂಡ ಬಿಟ್ಟುಹೋದ ವರ್ಷ ಅದು ಅವಳಿಗೆ. ಏನು ಮಾತಾಡಬೇಕೋ ತಿಳಿಯದೆ ಸಭೆಯವರೆಲ್ಲ ಒಂದು ಮೊಳ ದೂರವೇ ಕೂರುತ್ತಿದ್ದರು. ಅವಳು ಕಾಗದ ಮಗುಚಿ ಬರೆದಳು: ನನಗೆ. ನನ್ನ ಪಕ್ಕ ಯಾರೂ ಕೂರುವುದಿಲ್ಲ.

ಮುಂದಿನ ಭಾನುವಾರ ಅವನು ಬಂದು ಅವಳ ಪಕ್ಕ ಕೂತ. ಪಾಸ್ಟರ್ ಹೇಳಿದ್ದನ್ನು ಅವಳು ಬರೆದು ತೋರಿಸಿದಳು. ಅವಳ ಕೈ ನೋಯುತ್ತದೆಂದು ಮರುವಾರ ಸಭೆಯ ನರ್ಸಮ್ಮ ಬರೆದಳು, ಆಮೇಲೆ ಬಸ್ ಕಂಡಕ್ಟರ್. ಹನ್ನೊಂದು ವರ್ಷ ಸರದಿ ತಪ್ಪಲಿಲ್ಲ.

*

"ಬರೀ ನಾವು ಬರೆದದ್ದಲ್ಲ ಅಕ್ಕಾ, ಪುಟದ ಕೆಳಗೆ ನೋಡಿ," ಎಂದಳು ಟೈಲರಮ್ಮ.

ಅಲ್ಲಿತ್ತು ಅಣ್ಣನ ಬಿಗಿಯಾದ ಬರಹ, ವಾರಕ್ಕೆ ಕೆಲವೇ ಸಾಲು. 'ಕಂಡಕ್ಟರನ ಅಕ್ಷರ ಇವತ್ತು ನಡುಗಿದೆ. ಸಂಜೆ ಹೋಗಿ ಬರಬೇಕು.'

ಪೆಟ್ಟಿಗೆ ಹೊತ್ತು ಬಂದವರಲ್ಲಿ ಆ ಕಂಡಕ್ಟರನೂ ಇದ್ದ. ಪುಟ ತೋರಿಸಿದಾಗ ಕನ್ನಡಕ ಏರಿಸಿಕೊಂಡು ಓದಿದ.

"ಹೆಂಡತಿಗೆ ಗಡ್ಡೆ ಇದೆ ಅಂತ ಹಿಂದಿನ ದಿನವಷ್ಟೇ ಡಾಕ್ಟ್ರು ಹೇಳಿದ್ರು. ಯಾರಿಗೂ ಬಾಯಿ ಬಿಟ್ಟಿರ್ಲಿಲ್ಲ. ಸಂಜೆ ಇವ್ರು ಬಂದ್ರು, ಸ್ಟೂಲ್ ಮೇಲೆ ಒಂದು ಗಂಟೆ ಕೂತ್ರು, ಎದ್ದು ಹೋದ್ರು. ಹೆಂಗಪ್ಪಾ ಗೊತ್ತಾಯ್ತು ಅಂತ ಇವತ್ತಿನವರೆಗೂ ತಲೆ ಕೆಡಿಸ್ಕೊಂಡಿದ್ದೆ."

ಕುತೂಹಲ ಹತ್ತಿದ ತಂಗಿ ಪುಟ ಮಗುಚುತ್ತಲೇ ಹೋದಳು. ಮೂರು ವರ್ಷದ ಹಿಂದಿನ ಒಂದು ಪುಟದಲ್ಲಿ ಕೈ ನಿಂತಿತು. 'ತಂಗಿಯ ಕಾಗದ ಬಂತು. ಆರಾಮಾಗಿದ್ದೇನೆ ಎಂದು ಬರೆದಿದ್ದಾಳೆ. ಅಕ್ಷರ ಮುತ್ತಿನ ಹಾಗಿದೆ, ಒಂದೇ ಒಂದು ಕಾಟು ಹೊಡೆದಿಲ್ಲ. ಮೂರು ಸಲವಾದರೂ ಬರೆದು ಹರಿದಿರಬೇಕು.'

ಅವಳು ನಿವೃತ್ತಳಾದ ಹೊಸತು ಅದು. ಇಡೀ ದಿನ ಯಾರೊಡನೆಯೂ ಮಾತಾಡದೆ ಮಲಗುತ್ತಿದ್ದ ದಿನಗಳು. ಆ ವಾರವೇ ಅಣ್ಣ ಹೇಳದೆ ಕೇಳದೆ ಬಂದಿದ್ದ. ಸೋರುವ ನಲ್ಲಿಗೆ ವಾಷರ್ ಹಾಕಿ, ಎರಡು ದಿನ ಎದುರು ಕೂತು ಊಟ ಮಾಡಿ ಹೋಗಿದ್ದ. "ಯಾಕಪ್ಪಾ ಬಂದ ಈ ಮನುಷ್ಯ?" ಎಂದು ಅವಳು ಆಗ ಅಂದುಕೊಂಡಿದ್ದಳು.

"ಹೊರಡೋಣವಾ ಅಕ್ಕಾ?" ಎಂದಳು ಟೈಲರಮ್ಮ. ಅವಳು ನೋಟ್‌ಬುಕ್ಕು ಮುಚ್ಚಿ ಎದ್ದಳು.

*

ಪ್ರಾರ್ಥನಾಲಯದಿಂದ ಸ್ಮಶಾನಕ್ಕೆ ನಡೆದೇ ಹೋದರು. ಪೆಟ್ಟಿಗೆಯನ್ನು ಗುಂಡಿಗಿಳಿಸಿದ ಮೇಲೆ ಹಾಡು ಶುರುವಾಯಿತು. ಮೊದಲನೆಯ ಚರಣ ಮುಗಿಯಿತು. ಎಲ್ಲರೂ ಒಟ್ಟಿಗೆ ಹಾಡು ನಿಲ್ಲಿಸಿದರು. ಎರಡು ಉಸಿರಿನಷ್ಟು ಹೊತ್ತು ಮೌನ, ಆಮೇಲೆ ಎರಡನೆಯ ಚರಣ. ಅದು ಮುಗಿದ ಮೇಲೂ ಹಾಗೇ.

"ಯಾಕೆ ನಿಲ್ಲಿಸ್ತೀರಿ?" ತಂಗಿ ಪಿಸುಗುಟ್ಟಿದಳು.

"ಅಯ್ಯೋ, ಹೌದಲ್ವಾ!" ಟೈಲರಮ್ಮನ ಕೈ ಬಾಯಿಗೆ ಹೋಯಿತು. "ಅವರು ಹಾಡಿನ ಪುಸ್ತಕ ನೋಡ್ಕೊಂಡು ಹಾಡೋರು ಅಕ್ಕಾ. ಯಾವಾಗ್ಲೂ ಒಂದು ಸಾಲು ಹಿಂದೆ. ಮುಗಿಸ್ಲಿ ಅಂತ ನಾವು ಕಾಯೋದು. ರೂಢಿ ಆಗಿಬಿಟ್ಟಿದೆ."

ಕೊನೆಯ ಚರಣವೂ ಮುಗಿಯಿತು. ಪಾಸ್ಟರ್ ಪುಸ್ತಕ ಮಡಚಲಿಲ್ಲ. ಕಂಡಕ್ಟರನ ಮುಷ್ಟಿಯಲ್ಲಿದ್ದ ಮಣ್ಣು ಮುಷ್ಟಿಯಲ್ಲೇ ಇತ್ತು. ಗುಂಡಿಯ ಸುತ್ತ ನಲವತ್ತು ಜನ, ತೆರೆದ ಪುಸ್ತಕಗಳ ಮೇಲೆ ಕಣ್ಣಿಟ್ಟು, ಕೊನೆಯ ಸಾಲಿಗಾಗಿ ಕಾಯುತ್ತಾ ನಿಂತಿದ್ದರು.