ಏಳನೇ ವ್ಯಾನಿನ ಬ್ರೇಕು

ಕ್ರ್ಯಾನ್‌ಬರಿಯಲ್ಲಿ ವ್ಯಾನೊಂದರ ಬ್ರೇಕು ಕಿರುಚಿದರೆ ಸಾಕು, ಹದಿನೈದು ಮೈಲಿ ಆಚೆ ಮೆಟುಚೆನ್‌ನ ಮನೆಯಲ್ಲಿ ಹಲ್ಲುಜ್ಜುತ್ತಲೇ ಪ್ಯಾಡು ಎಷ್ಟು ಸವೆದಿದೆ ಎಂದು ಹೇಳಬಲ್ಲೆ. ಅಮೆರಿಕದಲ್ಲಿ ಇಂಥ ಮೆಕ್ಯಾನಿಕ್ಕು ನಾನೊಬ್ಬನೇ. ನಾನು ಕೆಲಸ ಮಾಡುವ ಕ್ರ್ಯಾನ್‌ಬರಿಯ ಪಾರ್ಸೆಲ್ ಯಾರ್ಡಿನಲ್ಲಿ ದಿನಾ ಇದನ್ನೇ ಸಾರುತ್ತಿದ್ದೆ. ನಲವತ್ತು ವ್ಯಾನಿಗೆ ಇದ್ದದ್ದು ಒಂದೇ ಜಾಕು, ಅದೂ ಕುಂಟು. ಜನವರಿಯ ಚಳಿಗೆ ಸ್ಪ್ಯಾನರು ಬೆರಳಿನ ಚರ್ಮವನ್ನೇ ಕಿತ್ತುಕೊಳ್ಳುತ್ತಿತ್ತು.

ಪ್ರತಿ ಬೆಳಿಗ್ಗೆ ಡ್ರೈವರುಗಳ ಫೋನು ಹದಿನೆಂಟು ಪ್ರಶ್ನೆ ಕೇಳುತ್ತದೆ. ಟೈರು ಸರಿಯೇ? ಬ್ರೇಕು ಸರಿಯೇ? ಎಲ್ಲಕ್ಕೂ 'ಹೌದು' ಒತ್ತಿದರೆ ಮಾತ್ರ ಕೆಲಸ. ಕೈಗವಸು ಬಿಚ್ಚುವ ಬೇಸರಕ್ಕೆ ಅವರು ಫೋನನ್ನು ನನಗೇ ಕೊಡುತ್ತಿದ್ದರು. ಹತ್ತು ಬೆರಳಿಗೆ ಹತ್ತು ಫೋನು. ಕಣ್ಣು ಮಿಟುಕಿಸುವುದರೊಳಗೆ ಸಾವಿರ 'ಹೌದು'!

ಆ ಸೋಮವಾರ ಏಳನೇ ವ್ಯಾನಿನ ಡ್ರೈವರು ಅಮರೇಶ್ವರ ಬಂದ. "ಈಶಣ್ಣಾ, ಬ್ರೇಕ್ ಒತ್ತಿದ್ರ ಕರಕರ ಅಂತೈತಿ. ನೋಡ್ರಿ ಒಮ್ಮೆ."

ಚಕ್ರ ಬಿಚ್ಚಿದೆ. ಪ್ಯಾಡು ಪೂರ್ತಿ ಸವೆದು ಕಬ್ಬಿಣವೇ ಕಬ್ಬಿಣವನ್ನು ತಿನ್ನುತ್ತಿತ್ತು. ಮಾಲೀಕ ಅಭಿನವ್‌ನನ್ನು ಕರೆದು ತೋರಿಸಿದೆ. ಸಿರಿವಂತರ ಊರು ಜೆರಿಕೋದಲ್ಲಿ ಅವನಿಗೆ ಅರಮನೆ, ಮಾತೆಲ್ಲ ಬೆಣ್ಣೆ.

"ಈಶಣ್ಣ, ಪಾರ್ಟ್ಸ್ ಥರ್ಸ್‌ಡೇ ಬರತ್ತೆ. ಅಲ್ಲೀವರೆಗೆ ಮ್ಯಾನೇಜ್ ಮಾಡಿ, ಪ್ಲೀಸ್. ವ್ಯಾನ್ ನಿಂತ್ರೆ ಇವನಿಗೂ ಶಿಫ್ಟ್ ಇರಲ್ಲ."

"ಇಂಥಾ ಗಾಡ್ಯಾಗ ನಿಮ್ಮ ಮಕ್ಕಳ್ನ ಕೂಡಿಸ್ತೀರೇನ್ರೀ?"

"ಡ್ರಾಮಾ ಬೇಡ ಅಣ್ಣ."

ಅಮರೇಶ್ವರ ಫೋನು ಚಾಚಿದ. "ಒತ್ತ್ರಿ ಅಣ್ಣಾ. ಶಿಫ್ಟ್ ಹೋದ್ರ ಬಾಡಿಗಿ ಮನಿ ಬಿಡಬೇಕಾಕ್ಕತಿ. ಸಾವಕಾಶ ಓಡಿಸ್ತೀನಿ."

ಒತ್ತಿದೆ.

ಮಧ್ಯಾಹ್ನ ಹೆದ್ದಾರಿಯಿಂದ ಇಳಿಯುವಾಗ ಏಳನೇ ವ್ಯಾನು ನಿಲ್ಲಲಿಲ್ಲ. ಮುಂದಿದ್ದ ಟ್ರಕ್ಕಿನ ಬುಡಕ್ಕೆ ನುಗ್ಗಿತು. ಯಾರ್ಡಿನಿಂದ ಎರಡೇ ಮೈಲಿ ದೂರ. ನನ್ನ ಕಿವಿಗೆ ಏನೂ ಕೇಳಿಸಲಿಲ್ಲ. ಆಸ್ಪತ್ರೆಯಲ್ಲಿ ಅಮರೇಶ್ವರನ ಬಲಗಾಲನ್ನು ಮೊಣಕಾಲಿನವರೆಗೆ ಕತ್ತರಿಸಿದರು.

ಇನ್ಶೂರೆನ್ಸಿನವನು ವಿಚಾರಣೆಗೆ ಬಂದ. ಅಭಿನವ್ ದಾಖಲೆ ತೋರಿಸಿದ. ಬ್ರೇಕು ಸರಿಯೇ? ಹೌದು. ಉತ್ತರಿಸಿದವರು: ಅಮರೇಶ್ವರ.

ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೂಗಿದೆ: ಒತ್ತಿದವನು ನಾನು, ಒತ್ತಿಸಿದವನು ಇವನು!

ಅಭಿನವ್ ನನ್ನ ಹೆಗಲ ಮೇಲೆ ಕೈಯಿಟ್ಟು ಇನ್ಶೂರೆನ್ಸಿನವನಿಗೆ ಇಂಗ್ಲಿಷಿನಲ್ಲಿ ಹೇಳಿದ: "ಈ ಅಂಕಲ್ ಮಾತು ಹೀಗೇ. ಮೆಟುಚೆನ್‌ನಲ್ಲಿ ಕೂತೇ ಬ್ರೇಕ್ ಕೇಳಿಸ್ಕೋತಾರಂತೆ. ಕೇಳಿ ಬೇಕಾದ್ರೆ, ಯಾರನ್ನಾದ್ರೂ."

ಡ್ರೈವರುಗಳು ತಲೆ ತಗ್ಗಿಸಿದರು. ಇನ್ಶೂರೆನ್ಸಿನವನು ನಕ್ಕು ಪೆನ್ನು ಜೇಬಿಗಿಟ್ಟ.

ಮರುದಿನ ಬೆಳಿಗ್ಗೆ ಫೋನುಗಳು ಮತ್ತೆ ನನ್ನ ಮುಂದೆ ಚಾಚಿಕೊಂಡವು. ನಾನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

ಒಬ್ಬೊಬ್ಬರಾಗಿ ಕೈಗವಸು ಬಿಚ್ಚಿ, 'ಹೌದು' ಎಂದು ತಾವೇ ಒತ್ತಿಕೊಂಡು ಹೊರಟರು.