ಉಪವಾಸದ ಫ್ಲಾಸ್ಕು

ಕತ್ರಿಗುಪ್ಪೆಯ ಆ ಲ್ಯಾಬಿನಲ್ಲಿ ಮೇಘಶ್ರೀಯ ಎರಡು ಫ್ಲಾಸ್ಕುಗಳಿಗೆ ‘ಉಪವಾಸದವು’ ಎಂದು ಹೆಸರು ಬಿದ್ದಿತ್ತು. ಉಣ್ಣೆ ಕಚ್ಚಿ ದನಗಳಿಗೆ ಅಂಟುವ ಜ್ವರಕ್ಕೆ ಅಲ್ಲಿ ಲಸಿಕೆ ಮಾಡುತ್ತಿದ್ದರು. ಅದಕ್ಕಾಗಿ ಜ್ವರದ ಪರೋಪಜೀವಿಯನ್ನು ದನದ ಜೀವಕೋಶಗಳೊಳಗೇ ಇಟ್ಟು ಸಾಕಬೇಕು. ಆ ಕೋಶಗಳಿಗೆ ಮೇವೆಂದರೆ ಸೀರಮ್. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯಲ್ಲಿ ಸಿಗುವ ಕರುವಿನ ರಕ್ತದಿಂದ ತೆಗೆಯುವುದು. ಇದು ತಿಳಿದ ದಿನ ಮೇಘಶ್ರೀಗೆ ಊಟ ಸೇರಿರಲಿಲ್ಲ. ಹಸುವನ್ನು ಉಳಿಸುವ ಮದ್ದಿಗೆ ಕರುವಿನ ರಕ್ತವೇ? ಯಾರೊಂದಿಗೂ ವಾದ ಮಾಡದೆ, ಸೀರಮ್ ಇಲ್ಲದೆ ಬೆಳೆಸಲು ಮೂಲೆಯಲ್ಲಿ ಎರಡು ಫ್ಲಾಸ್ಕು ಇಟ್ಟುಕೊಂಡಿದ್ದಳು.

ಮುಖ್ಯಸ್ಥ ಅನಂತಪದ್ಮನಾಭ ಕೊಟ್ಟಿದ್ದ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಬೆಳೆಯದಿದ್ದರೆ ಎರಡನ್ನೂ ಚೆಲ್ಲಿ ಅವಳು ಸೀರಮ್ ಕೆಲಸಕ್ಕೇ ಮರಳಬೇಕು.

ಬೆಳಿಗ್ಗೆ ಅವರೇ ಬಂದು ಇನ್‌ಕ್ಯುಬೇಟರಿನ ಬಾಗಿಲು ತೆರೆದರು. ಒಂದು ಫ್ಲಾಸ್ಕಿನ ಕೆಂಪು ದ್ರವ ಹಳದಿಗೆ ತಿರುಗಿತ್ತು. ಕೋಶಗಳು ಚೆನ್ನಾಗಿ ಉಂಡು ಬೆಳೆದರೆ ಬರುವ ಬಣ್ಣ ಅದು. ಇನ್ನೊಂದು ಕೆಂಪಾಗಿಯೇ ಇತ್ತು.

“ಬಾಯಿ ಬಿಡ್ದೇ ಸಾಧಿಸ್ಬಿಟ್ರಲ್ರೀ. ನಾಳೆ ಲಸಿಕೆ ಕಂಪನಿಯವ್ರು ಬರ್ತಾರೆ, ಇದನ್ನೇ ತೋರ್ಸೋಣ.”

ಮೇಘಶ್ರೀ ಹಳದಿ ಫ್ಲಾಸ್ಕನ್ನು ಓಲಾಡಿಸಿದಳು. ನೊರೆ ಎದ್ದಿತು, ಇಳಿಯಲಿಲ್ಲ. ಸೀರಮ್ ಇದ್ದರೆ ನೊರೆ ಹೀಗೆ ಗಾಜಿಗೆ ಅಂಟಿ ಕೂರುತ್ತದೆ. ಅವಳ ಫ್ಲಾಸ್ಕುಗಳ ನೊರೆ ಯಾವತ್ತೂ ಹೀಗೆ ಕೂತಿರಲಿಲ್ಲ. ಹಿರಿಯ ಟೆಕ್ನಿಷಿಯನ್ ಕಾತ್ಯಾಯಿನಿ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದರು.

“ಮೇಡಂ, ಏನ್ ಹಾಕಿದ್ರಿ ಇದಕ್ಕೆ?”

“ಒಂಚೂರೇ ಕಣೇ. ಸೊರಗಿ ಹೋಗಿದ್ವು, ಪಾಪ. ನಮ್ಮನೇಲಿ ಉಪವಾಸ ಅಂದ್ರೂ ಅವಲಕ್ಕಿ, ಬಾಳೆಹಣ್ಣು ಇರತ್ತಪ್ಪ. ಏನೂ ಇಲ್ದೆ ಕೂರೋಕೆ ಅವೇನ್ ಋಷಿಗಳಾ?”

ಮೇಘಶ್ರೀ ಮುಖ್ಯಸ್ಥರತ್ತ ತಿರುಗಿದಳು.

“ಸಾರ್, ಇದಕ್ಕೆ ಸೀರಮ್ ಬಿದ್ದಿದೆ. ತೋರ್ಸೋ ಹಾಗಿಲ್ಲ.”

“ಬಿದ್ರೆ ಬೀಳ್ಲಿ ಬಿಡ್ರೀ. ಬಂದೋರು ನೊರೆ ನೋಡ್ತಾರಾ?”

“ನಾನು ನೋಡಿದ್ನಲ್ಲ ಸಾರ್.”

ಅವರು ಬೇಡ ಎನ್ನುವಷ್ಟರಲ್ಲಿ ಅವಳು ಬ್ಲೀಚ್ ಸುರಿದಾಗಿತ್ತು. ಹಳದಿ ಬಣ್ಣ ನೀರಾಯಿತು. ಕೆಂಪು ಫ್ಲಾಸ್ಕನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಅವರು ನೋಡಲೆಂದು ಪಕ್ಕಕ್ಕೆ ಸರಿದಳು. ಕೋಶಗಳು ದೂರ ದೂರ ಇದ್ದವು, ಆದರೆ ದುಂಡಗೆ ಹೊಳೆಯುತ್ತಿದ್ದವು. ಒಂದು ನಡು ಸಣ್ಣ ಮಾಡಿಕೊಂಡು ಎರಡಾಗುತ್ತಿತ್ತು.

“ಇಷ್ಟೇನಾ?”

“ಇಷ್ಟೇ ಸಾರ್. ಇಷ್ಟೂ ಅವುಗಳದ್ದೇ.”

“ಗಡುವು ನೆನಪಿದೆಯಲ್ಲ? ಚೆಲ್ಲಿ.”

“ಚೆಲ್ಲಲ್ಲ ಸಾರ್.”

ಅನಂತಪದ್ಮನಾಭ ಕನ್ನಡಕ ತೆಗೆದರು. “ಹಾಗಾದ್ರೆ ನಾಳೆ ಅವ್ರ ಮುಂದೆ ನೀವೇ ನಿಂತು ಹೇಳಿ. ನಾನು ತುಟಿ ಬಿಚ್ಚಲ್ಲ.”

ಅವರಿಗೆ ಗೊತ್ತಿತ್ತು. ಆಟೋದವನಿಗೆ ‘ಇಲ್ಲೇ ನಿಲ್ಸಿ ಅಣ್ಣ’ ಎನ್ನಲು ಸಂಕೋಚವಾಗಿ ಅರ್ಧ ಉತ್ತರಹಳ್ಳಿ ದಾಟಿ ಇಳಿದು ಹಿಂದಕ್ಕೆ ನಡೆದು ಬರುವ ಹುಡುಗಿ ಇವಳು.

“ಹೇಳ್ತೀನಿ,” ಎಂದಳು ಮೇಘಶ್ರೀ.

ಅವರು ಹೋದ ಮೇಲೆ ಕಾತ್ಯಾಯಿನಿ ಹತ್ತಿರ ಬಂದರು. “ಕೋಪಾನಾ? ಡಬ್ಬಿಲಿ ಅವಲಕ್ಕಿ ಇದೆ, ಹೊರಗೆ ಬಾ, ತಿನ್ನು.”

“ನನಗೆ ಕೊಡಿ ಮೇಡಂ. ಅವಕ್ಕೆ ಮಾತ್ರ ಬೇಡ.”

ಮಾರ್ಕರ್ ತೆಗೆದು, ಇಷ್ಟು ದಿನ ಕೇಳಿದಾಗಲೆಲ್ಲ ತಲೆ ತಗ್ಗಿಸಿದ್ದ ‘ಉಪವಾಸದ್ದು’ ಎಂಬ ಆ ಹೆಸರನ್ನು ಅವಳೇ ಫ್ಲಾಸ್ಕಿನ ಮೇಲೆ ದಪ್ಪಕ್ಷರದಲ್ಲಿ ಬರೆದಳು. ನಾಳೆ ಬರುವವರಿಗೂ ಓದಲು ಬರಲಿ ಎಂದು, ಬರಹ ಹೊರಗೆ ಕಾಣುವಂತೆ ಇನ್‌ಕ್ಯುಬೇಟರಿನೊಳಗೆ ಇಟ್ಟಳು.