ಅಗಲ ಬಾಯಿಯ ಹುಂಡಿ

ಕುಂಬಾರನ ಅಪ್ಪ ಮಣ್ಣಿನ ಹುಂಡಿಗೆ ಬಾಯಿ ಕೊರೆಯುತ್ತಿದ್ದದ್ದು ಒಂದು ಬಿದಿರಿನ ಚಕ್ಕೆಯ ಅಳತೆಯಲ್ಲಿ. ಮಣ್ಣು ಅರೆ ಒಣಗಿದಾಗ ಚಕ್ಕೆ ಇಟ್ಟು ಗೀರಬೇಕು, ಅದರ ದಪ್ಪಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಾಗಕೂಡದು. "ಕಾಸು ಒಳಗೆ ಹೋಗೋವಾಗಲೇ ಉಜ್ಜಿಕೊಂಡು ಹೋಗ್ಬೇಕು. ಹೊರಗೆ ಬರೋದು ಹುಂಡಿ ಒಡೆದಾಗ ಮಾತ್ರ" ಎನ್ನುತ್ತಿದ್ದ ಮುದುಕ. ಮಾತೇನೋ ಬಂಗಾರವೇ. ಆದರೆ ಹುಂಡಿ ಒಡೆಯದವರ ಮನೆಗೆ ಇನ್ನೊಂದು ಹುಂಡಿ ಯಾಕೆ? ಊರಿಗೆ ಊರೇ ಜಾಣರಾದರೆ ಹುಂಡಿ ಮಾಡುವವನ ಒಲೆ ಉರಿಯುವುದಿಲ್ಲ. ಅಪ್ಪ ಹೋದ ಮೇಲೆ ಮಗ ಇದನ್ನು ಹಸಿದ ಹೊಟ್ಟೆಯಲ್ಲೇ ಕಲಿತ.

ಕಲಿತವನು ಸುಮ್ಮನಿರಲಿಲ್ಲ. ಅಪ್ಪನದಕ್ಕಿಂತ ದಪ್ಪನೆಯ ಹೊಸ ಚಕ್ಕೆ ಕೆತ್ತಿಕೊಂಡ. "ನಿಮ್ಮ ದುಡ್ಡು, ನಿಮ್ಮ ಹುಂಡಿ. ಬೇಕಾದಾಗ ಬೋರಲು ಹಾಕಿ ತಲೆಯ ಪಿನ್ನು ಆಡಿಸಿದ್ರೆ ಸಾಕು, ಒಡೆಯೋ ತಾಪತ್ರಯವೇ ಇಲ್ಲ" ಎಂದು ಅಂಗಡಿ ಮುಂದೆ ನಿಂತು ಮಾಡಿ ತೋರಿಸಿದ. ಉಳಿತಾಯ ಎಂದರೆ ಮೂಗು ಮುರಿಯುತ್ತಿದ್ದವರೂ ಕೊಂಡರು. ಹಾಕಿದ ಪುಣ್ಯವೂ ಬಂತು, ತೆಗೆದ ಸುಖವೂ ಸಿಕ್ಕಿತು. ಚಹಾ ಅಂಗಡಿಯಲ್ಲಿ ಕೂರಲು ಜಾಗವಿಲ್ಲ, ಬಟ್ಟೆ ಅಂಗಡಿಯವನಿಗೆ ಕೈ ಬಿಡುವಿಲ್ಲ. ಬೀದಿಯೇ ಕಳೆಕಟ್ಟಿತು.

ಆದರೂ ಕುಂಬಾರನ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತಿತ್ತು. ಅದನ್ನು ಕಿತ್ತವರು ಹೆಂಡತಿಯ ತಮ್ಮ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮೇಷ್ಟ್ರು. ಒಂದು ಭಾನುವಾರ ಊಟಕ್ಕೆ ಕೂತಾಗ ಮಾತು ಅಲ್ಲಿಗೇ ಬಂತು.

"ಎಲ್ಲರೂ ಕೂಡಿಟ್ಟು ಕೂತ್ರೆ ಕೊಳ್ಳೋರು ಯಾರು ಭಾವ? ಒಬ್ಬನ ಖರ್ಚೇ ಇನ್ನೊಬ್ಬನ ಸಂಪಾದನೆ. ದೇಶಕ್ಕೂ ಅದೇ ಲೆಕ್ಕ. ಉಳಿತಾಯ ಕಡಿಮೆ ಆಯ್ತು ಅಂತ ಬಾಯಿ ಬಡ್ಕೊಳ್ಳೋದೆಲ್ಲ ಸುಮ್ನೆ."

"ಕಷ್ಟಕಾಲ ಬಂದ್ರೆ ಏನು ಮಾಡೋದು ಮೇಷ್ಟ್ರೇ?" ಎಂದಳು ಬಡಿಸುತ್ತಿದ್ದ ಕುಂಬಾರನ ಅಕ್ಕ. ತಾಯಿಯಿಲ್ಲದ ಕುಂಬಾರನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ಬಟ್ಟೆ ಗಿರಣಿಯಲ್ಲಿ ದುಡಿದು ಒಬ್ಬಳೇ ಮಗಳನ್ನು ಓದಿಸುತ್ತಿದ್ದಳು.

"ಹೊರಗಿನ ದೇಶದೋರು ಸಾಲ ಕೊಡ್ತಾರೆ, ಅಕ್ಕಾವ್ರೇ."

"ಹಾಗಾದ್ರೆ ಅವರು ಕೂಡಿಟ್ಟಿರ್ತಾರೆ ಅನ್ನಿ."

ಮೇಷ್ಟ್ರು ಕೆಮ್ಮಿ ನೀರು ಕುಡಿದರು. ಕುಂಬಾರನಿಗೆ ಮಾತ್ರ ಮೊದಲಿನ ಮಾತೇ ಸಾಕಾಗಿತ್ತು. ಓದಿದವರೇ ಹೇಳಿದ ಮೇಲೆ ತನ್ನದೇನು ತಪ್ಪು? ಹಾಗೆಂದುಕೊಂಡೇ ತನಗಾಗಿ ಒಂದು ಹುಂಡಿಯನ್ನು ಅಪ್ಪನ ಹಳೇ ಚಕ್ಕೆಯಿಂದ ಕೊರೆದು, ಆವಿಗೆಯಲ್ಲಿ ಸುಟ್ಟು, ಅಟ್ಟದ ಮೇಲಿಟ್ಟು, ಗಳಿಸಿದ್ದರಲ್ಲಿ ಒಂದಿಷ್ಟನ್ನು ಅದರೊಳಗೆ ಹಾಕತೊಡಗಿದ. ಅದಕ್ಕೆ ಯಾವ ಅರ್ಥಶಾಸ್ತ್ರವೂ ಅಡ್ಡ ಬರಲಿಲ್ಲ.

ವ್ಯಾಪಾರ ಬಿದ್ದ ತಿಂಗಳಲ್ಲೂ ಗಿರಣಿಯ ಹೆಂಗಸೊಬ್ಬಳು ತಪ್ಪದೆ ಬರುತ್ತಿದ್ದಳು. "ನಮ್ಮ ಪಾಳಿಯೋರು ಕೇಳಿದ್ರು" ಎಂದು ಬುಟ್ಟಿ ತುಂಬ ಹುಂಡಿ ಒಯ್ಯುತ್ತಿದ್ದಳು. ಒಂದು ಪಾಳಿಗೆ ಅಷ್ಟು ಹುಂಡಿ ಯಾಕೆ ಎಂದು ಅವನು ಕೇಳಲಿಲ್ಲ. ಬರುವ ಲಕ್ಷ್ಮಿಯನ್ನು ಊರು ಯಾವುದು ಎಂದು ಕೇಳುವವರುಂಟೇ? ಎಲ್ಲ ತನ್ನ ಚಕ್ಕೆಯ ಮಹಿಮೆ ಎಂದು ಬೀಗಿದ.

ಆಮೇಲೆ ಗಿರಣಿಗೆ ಬೀಗ ಬಿತ್ತು. ಮನೆಮನೆಯಲ್ಲೂ ಹುಂಡಿ ಬೋರಲಾದವು, ಬಿದ್ದದ್ದು ಧೂಳು. ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತಾರೆ. ಹನಿ ಹನಿಯಾಗಿ ಸೋರಿದರೆ ಏನಾಗುತ್ತದೆ ಎಂದು ಆ ಬೀದಿ ಕಂಡಿತು. ಕೈಸಾಲ ಕೇಳೋಣವೆಂದರೆ ಪಕ್ಕದ ಮನೆಯದೂ ಅದೇ ಅಗಲ ಬಾಯಿ. ಬಟ್ಟೆ ಅಂಗಡಿಯವನು ನೊಣ ಹೊಡೆಯುತ್ತ ಕೂತ. ಚಹಾ ಅಂಗಡಿಯಲ್ಲಿ ಯಾರೋ, "ಈ ಹುಂಡಿಗೆ ಬಾಯಿ ಕೊರೆದ ಪುಣ್ಯಾತ್ಮನಿಗೆ ಕೈ ಮುಗೀಬೇಕು" ಎಂದು ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕುಂಬಾರ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಎದ್ದವನು ನೇರ ಅಕ್ಕನ ಮನೆಗೆ ಹೋದ. ಅವಳ ಮಗಳಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ನಾಳೆಯೊಳಗೆ ಶುಲ್ಕ ಕಟ್ಟದಿದ್ದರೆ ಅದು ಇನ್ನೊಬ್ಬಳ ಪಾಲು. ಹುಡುಗಿ ಅತ್ತು ಕಣ್ಣು ಕೆಂಪು ಮಾಡಿಕೊಂಡು ಗೋಡೆಗೆ ಒರಗಿದ್ದಳು. ಮಂಚದ ಮೇಲೆ ಅಕ್ಕನ ಹುಂಡಿ ಮಗುಚಿ ಬಿದ್ದಿತ್ತು, ಪಕ್ಕದಲ್ಲಿ ನಾಲ್ಕು ಕಾಸು. ಅಕ್ಕ ಗಡಿಬಿಡಿಯಲ್ಲಿ ಸೆರಗಿಂದ ಮುಚ್ಚಲು ಹೋದಾಗ ಒಂದು ಕಾಸು ಉರುಳಿ ಮಂಚದಡಿ ಸೇರಿತು. ಅವನು ಬಗ್ಗಿದ.

ಮಂಚದಡಿ ಗೋಡೆಯವರೆಗೂ ಹುಂಡಿಗಳು ಒತ್ತಿಕೊಂಡು ಕೂತಿದ್ದವು. ಒಂದನ್ನು ಎಳೆದು ತಿರುಗಿಸಿ ನೋಡಿದ. ಅಡಿಯಲ್ಲಿ ಅವನದೇ ಹೆಬ್ಬೆಟ್ಟಿನ ಗುರುತು. ಒಂದರಲ್ಲೂ ಒಂದು ಕಾಸೂ ಬಿದ್ದಿರಲಿಲ್ಲ.

"ಏನಕ್ಕಾ ಇದು?"

"ನಿನ್ನ ಆವಿಗೆ ತಣ್ಣಗಿದ್ದ ತಿಂಗಳು ನಿನ್ನ ಹೆಂಡ್ತಿ ಮುಖ ನೋಡೋಕಾಗ್ತಿರ್ಲಿಲ್ಲ. ನಾನೇ ಬಂದು ಕೊಂಡ್ರೆ ನೀನು ದುಡ್ಡು ಮುಟ್ತಿದ್ಯಾ? ಅದಕ್ಕೇ ನಮ್ಮ ಪಾಳಿಯೋಳ ಕೈಲಿ ತರಿಸ್ತಿದ್ದೆ."

"ನಿನ್ನ ಹುಂಡೀಲಿದ್ದದ್ದನ್ನ ತೆಗೆದು?"

"ಒಡೀಬೇಕಾಗಿದ್ರೆ ಮನಸ್ಸು ಬರ್ತಿರ್ಲಿಲ್ಲ ಬಿಡು. ಪಿನ್ನು ಆಡಿಸಿದ್ರೆ ಬಂದ್ಬಿಡ್ತಿತ್ತಲ್ಲ. ಈ ಸಲ ಒಂದಿಷ್ಟು ತೆಗೆಯೋಣ, ಮುಂದಿನ ಸಲ ಹಾಕಿದ್ರಾಯ್ತು ಅಂತ..." ಅಕ್ಕ ನಗಲು ನೋಡಿದಳು. "ಮೇಷ್ಟ್ರು ಹೇಳಿದ್ದು ಸರಿಯೇ ನೋಡು. ನನ್ನ ಖರ್ಚು, ನಿನ್ನ ಸಂಪಾದನೆ."

ಅವನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಕ್ಕನ ಹುಂಡಿಯಿಂದ ಸೋರಿದ್ದು ಎಲ್ಲೂ ಹೋಗಿರಲಿಲ್ಲ, ಅವನ ಅಟ್ಟದ ಮೇಲೆ ಭದ್ರವಾಗಿ ಕೂತಿತ್ತು. ಮನೆಗೆ ಓಡಿದ. ಅಟ್ಟ ಹತ್ತಿ, ಭಾರದ ಹುಂಡಿಯನ್ನು ಮಗುವಿನಂತೆ ಎದೆಗವುಚಿಕೊಂಡು ತಂದು ಅಕ್ಕನ ಮಡಿಲಲ್ಲಿಟ್ಟ.

"ಇದು ನಿಂದೇ ಅಕ್ಕಾ. ಮೊದಲು ಅವಳ ಶುಲ್ಕ ಕಟ್ಟು."

ಹುಡುಗಿ ಗೋಡೆ ಬಿಟ್ಟು ಹತ್ತಿರ ಬಂದಳು. ಅಕ್ಕ ಕಣ್ಣೊರೆಸಿಕೊಂಡು, ಎಂದಿನ ಅಭ್ಯಾಸದಂತೆ ಹುಂಡಿಯನ್ನು ಬೋರಲು ಹಿಡಿದು, ತಲೆಯಿಂದ ಪಿನ್ನು ಎಳೆದು ಬಾಯಿಗೆ ತೂರಿಸಲು ನೋಡಿದಳು. ಹೋಗಲಿಲ್ಲ. ತಿರುಗಿಸಿ ಇನ್ನೊಂದು ಮಗ್ಗುಲಿಂದ ನೋಡಿದಳು. ಆಗಲೂ ಹೋಗಲಿಲ್ಲ. ಹುಂಡಿಯನ್ನು ಬೆಳಕಿಗೆ ಹಿಡಿದು ಬಾಯಿಯ ಮೇಲೆ ಬೆರಳಾಡಿಸಿದಳು.

"ಇದ್ಯಾಕೋ ಇಷ್ಟು ಕಿರಿದು?" ಎಂದಳು, ಏನೂ ಅರಿಯದೆ. "ನಮ್ಮದೆಲ್ಲ ಅಗಲ ಇದೆಯಲ್ಲ?"

ಸುಳ್ಳು ಹೇಳಲು ಬಾಯಿ ತೆರೆದ. ಬಂದದ್ದು ನಿಜವೇ.

"ಅದು ಮಾರೋದಕ್ಕೆ ಮಾಡಿದ್ದಲ್ಲ, ಅಕ್ಕಾ" ಎಂದ.

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡು, ಒಡೆಯಲು ಏನಾದರೂ ತಾ ಎಂದು ಮಗಳನ್ನು ಒಳಗೆ ಕಳಿಸಿದಳು.